ಸ್ಟೆಬಿಲೈಸರ್ ರಾಡ್ ಬಿಚ್ಚಿ ಓರೆಪಾದೆ ಇಳಿದದ್ದು

ಆ ದಿನ ನಾವು ಗುಡ್ಡ ಹತ್ತಿದ್ದು ಒಂದು ಜೀಪಿನ ಎಕ್ಸೆಲ್ ಬದಲಿಸಲಿಕ್ಕೆ. ವಿಟ್ಲದ ಮರದ ವ್ಯಾಪಾರಿಯೊಬ್ಬರ ಜೀಪು ಮುಂಡಾಜೆಯಿಂದ ಒಳಗೆ, ಕಾಂಕ್ರೀಟು ರಸ್ತೆ ಮುಗಿದು ಮಣ್ಣು ದಾರಿ ಮೇಲೆ ಹೋಗುವ ಕಡೆ, ತುದಿಯ ಮನೆಯ ಅಂಗಳದ ಬದಿಯಲ್ಲಿ ಕೆಟ್ಟು ಕೂತಿತ್ತು. ಶಿರ್ತಾಡಿಯ ನನ್ನ ಗ್ಯಾರೇಜಿನಿಂದ ಬೆಳಿಗ್ಗೆ ಬೇಗ ಹೊರಟೆವು, ನಾನು ಮತ್ತು ನನ್ನ ಹೆಂಡತಿಯ ತಮ್ಮ. ಅವರು ನನ್ನ ಜೊತೆ ಕೆಲಸಕ್ಕೆ ನಿಂತು ವರ್ಷಗಳಾದವು. ಮನೆಯಲ್ಲಿಯೂ ಗ್ಯಾರೇಜಿನಲ್ಲಿಯೂ ಅವರಿಗೆ ನಾನು ಭಾವ, ನನಗೆ ಅವರು ಭಾವ. ಡಬ್ಬಿಯಲ್ಲಿ ಕುಚ್ಚಲಕ್ಕಿ ಅನ್ನ, ಒಣಮೀನಿನ ಚಟ್ನಿ, ಬೇರೆ ಡಬ್ಬಿಯಲ್ಲಿ ಮಜ್ಜಿಗೆ. ಹಿಂದೆ ಸಾಮಾನಿನ ಪೆಟ್ಟಿಗೆ, ಎರಡು ಜ್ಯಾಕು, ಬೆಳ್ತಂಗಡಿಯಲ್ಲಿ ನಿಂತು ತೆಗೆದುಕೊಂಡ ಎಕ್ಸೆಲ್.

ಗಾಡಿ ನನ್ನ ಹಳೆಯ ಫೋರ್‌ವೀಲ್ ಪಿಕಪ್ಪು. ಕೆಸರಿನಲ್ಲಿ ಹೂತ ಗಾಡಿಗಳನ್ನು ಎಳೆಯಲಿಕ್ಕೆಂದೇ ಇಟ್ಟುಕೊಂಡದ್ದು. ಸ್ಪ್ರಿಂಗು ಎತ್ತರ ಮಾಡಿಸಿದ್ದೇನೆ, ಹಲ್ಲಿನ ಟಯರು ಹಾಕಿಸಿದ್ದೇನೆ. ಮುಂದಿನ ಎರಡು ಚಕ್ರಗಳ ನಡುವೆ ಕಂಪನಿ ಕೊಟ್ಟ ಸ್ಟೆಬಿಲೈಸರ್ ರಾಡ್ ಮಾತ್ರ ಹಾಗೆಯೇ ಉಂಟು. ಅದು ಬಾಗಿಸಿದ ಒಂದು ಕಬ್ಬಿಣದ ಸರಳು. ಡಾಂಬರಿನ ತಿರುವಿನಲ್ಲಿ ಗಾಡಿಯ ಮೈ ಒಂದು ಕಡೆಗೆ ವಾಲದ ಹಾಗೆ ಹಿಡಿಯುವುದು ಅದರ ಕೆಲಸ. ಒಂದು ಕಡೆಯ ಚಕ್ರ ಮೇಲೆ ಹೋದರೆ ಇನ್ನೊಂದನ್ನೂ ಮೇಲಕ್ಕೆ ಎಳೆಯುತ್ತದೆ. ಒಳ್ಳೆಯ ರಸ್ತೆಯಲ್ಲಿ ಅದೊಂದು ಉಪಕಾರ. ಕಲ್ಲು ಗುಂಡಿಯ ದಾರಿಯಲ್ಲಿ ಅದೇ ಉಪದ್ರ, ಯಾಕೆಂದರೆ ಚಕ್ರಗಳು ತಮ್ಮಷ್ಟಕ್ಕೆ ಏರಿ ಇಳಿಯಲು ಅದು ಬಿಡುವುದಿಲ್ಲ, ಮೇಲೆ ಕೂತವರ ತಲೆ ಆ ಕಡೆ ಈ ಕಡೆ ಬಡಿಯುತ್ತದೆ.

ಆ ದಾರಿಯ ನಡುವೆ ಒಂದು ಜಾಗವನ್ನು ಅಲ್ಲಿಯವರು ಓರೆಪಾದೆ ಎನ್ನುತ್ತಾರೆ. ಪಾದೆ ಎಂದರೆ ಬಂಡೆ. ರಸ್ತೆಯ ಅಗಲಕ್ಕೂ ಹಾಸಿದೆ, ಬದಿಯ ತೋಡಿನ ಕಡೆಗೆ ಓರೆಯಾಗಿ. ನೀರು ಹರಿಯುವ ತೋಡು ಕೆಳಗೆ, ಇಣುಕಿದರೆ ಕಾಣುವಷ್ಟು ಕೆಳಗೆ. ಬಂಡೆಯ ನಟ್ಟನಡುವೆ ಗುಡ್ಡದ ಬದಿಯಲ್ಲಿ ಮಳೆನೀರು ಕೊರೆದ ಒಂದು ಗುಳಿ. ಗಾಡಿ ಅಲ್ಲಿಗೆ ಬಂದಾಗ ಗುಡ್ಡದ ಬದಿಯ ಮುಂದಿನ ಚಕ್ರ ಗುಳಿಯ ಮೇಲೆ ನೆಲ ಮುಟ್ಟದೆ ಅಂತರದಲ್ಲಿ ನಿಲ್ಲುತ್ತದೆ, ಗಾಡಿ ತೋಡಿಗೆ ವಾಲುತ್ತದೆ.

ಅದಕ್ಕೆ ಅಲ್ಲಿಯವರೇ ಒಂದು ಕ್ರಮ ಮಾಡಿಕೊಂಡಿದ್ದಾರೆ. ಗಾಡಿಯ ಶಬ್ದ ಕೇಳಿದ ಕೂಡಲೇ ಪಾದೆಯ ಮೇಲಿನ ಮನೆಯ ಹಿರಿಯರೊಬ್ಬರು ಅಕ್ಕಪಕ್ಕದವರನ್ನು ಕೂಗಿಕೊಂಡು ಬರುತ್ತಾರೆ. ಮೂರು ನಾಲ್ಕು ಜನ ಗುಡ್ಡದ ಬದಿಯಲ್ಲಿ ಗಾಡಿಯ ಅಂಚಿಗೆ ಹತ್ತಿ ಹಿಡಿದು, ಮೈಯ ಭಾರ ಬಿಟ್ಟು ಹೊರಗೆ ತೂಗುತ್ತಾರೆ. ಚಕ್ರ ಗುಳಿ ದಾಟಿ ಆಚೆಯ ದಂಡೆಗೆ ಧಡಕ್ಕನೆ ಕೂತಾಗ ಹಿರಿಯರು "ಕೂತಿತು!" ಎಂದು ಕೂಗುತ್ತಾರೆ. ಎಲ್ಲರೂ ಒಟ್ಟಿಗೆ ಹಾರಿ ಇಳಿಯುತ್ತಾರೆ. ಹಣ ಕೇಳುವುದಿಲ್ಲ. ಮೇಲೆ ಹೋಗುವಾಗ ನಮ್ಮನ್ನೂ ಹಾಗೆಯೇ ದಾಟಿಸಿದರು. ಹಿರಿಯರು ಕೈ ಒರೆಸಿಕೊಂಡು, "ನನ್ನ ಅಪ್ಪನ ಕಾಲದಲ್ಲಿ ಮೋಟರು ಗಾಡಿ ಇರಲಿಲ್ಲ, ಎತ್ತಿನ ಗಾಡಿಗೂ ನಾವೇ ತೂಗ್ತಿದ್ದದ್ದು" ಎಂದರು.

ಜೀಪಿನ ಮರದ ವ್ಯಾಪಾರಿ ಅಂಗಳದಲ್ಲಿ ಕಾಯುತ್ತಿದ್ದರು. ನಾವೆಲ್ಲ ಅವರನ್ನು ಕಾಕ ಎಂದೇ ಕರೆಯುವುದು. ಆ ಮನೆಯಲ್ಲಿ ಮಳೆಗಾಲದ ಮೊದಲು ಮಾಡಿನ ಹಂಚು ತಿರುಗಿಸುವ ಕೆಲಸ ನಡೆಯುತ್ತಿತ್ತು. ಹಂಚಿನ ಕೆಲಸದವರು ಒಬ್ಬರೇ ಮೇಲೆ ಕೂತು ಒಡೆದದ್ದನ್ನು ತೆಗೆದು ಹೊಸತು ಕೂರಿಸುತ್ತಿದ್ದರು. ನಾವು ಜೀಪಿನ ಅಡಿಗೆ ಹೋಗುವಾಗ ಮೇಲಿನಿಂದ ಕೂಗಿದರು.

"ಮೆಕ್ಯಾನಿಕ್ ಅಣ್ಣಾ, ನಿಮಗೆ ಅಡಿಯ ಕೆಲಸ, ನನಗೆ ಮೇಲಿನ ಕೆಲಸ. ನಡುವೆ ಕಾಕ ಒಬ್ಬರು ಚಹಾ ಕುಡೀತಾ ಇದ್ದಾರೆ!"

"ಚಹಾ ಕುಡಿಯುವುದೂ ಒಂದು ಕೆಲಸ ಮಾರಾಯ, ಮಾಡಿ ನೋಡು" ಎಂದರು ಕಾಕ.

ಹಳೆಯ ಎಕ್ಸೆಲ್ ಹೊರಗೆ ಬಂದು ನಾವು ಕೈ ಒರೆಸುತ್ತಿದ್ದೆವು. ಮೊದಲು ಹಂಚು ಜಾರುವ ಸದ್ದು ಕೇಳಿತು, ಆಮೇಲೆ ಹಂಚಿನಡಿಯ ಪಕ್ಕಾಸು ಮುರಿಯುವ ಸದ್ದು, ಆಮೇಲೆ ಕಲ್ಲಿನ ಜಗಲಿಯ ಅಂಚಿಗೆ ಏನೋ ಬಿದ್ದ ಸದ್ದು. ಆ ಕೊನೆಯ ಸದ್ದನ್ನು ಹೇಗೆ ಬರೆಯುವುದೆಂದು ನನಗೆ ಗೊತ್ತಿಲ್ಲ.

ಅವರು ಅಂಗಾತ ಬಿದ್ದಿದ್ದರು. ಪ್ರಜ್ಞೆ ಇತ್ತು. ಭಾವ ಓಡಿಹೋಗಿ ಕಂಕುಳಿಗೆ ಕೈ ಹಾಕಿ ಎಬ್ಬಿಸಲು ಹೊರಟರು. ಒಳಗಿನಿಂದ ಒಬ್ಬ ಹೆಂಗಸು, "ಮುಟ್ಟಬೇಡಿ! ಯಾರೂ ಮುಟ್ಟಬೇಡಿ!" ಎಂದು ಕೂಗುತ್ತಾ ಬಂದರು. ಆ ಮನೆಯ ಸೊಸೆ. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್, ರಜೆಯಲ್ಲಿ ಊರಿಗೆ ಬಂದವರು. ಅವತ್ತು ಅವರು ಮನೆಯಲ್ಲಿ ಇರದಿದ್ದರೆ ನಾವೆಲ್ಲ ಸೇರಿ ಆ ಮನುಷ್ಯನನ್ನು ಎತ್ತಿ ಕುರ್ಚಿಯಲ್ಲಿ ಕೂರಿಸುತ್ತಿದ್ದೆವು.

ಸಿಸ್ಟರ್ ನೆಲದಲ್ಲಿ ಮೊಣಕಾಲೂರಿ ಅವರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದರು. "ಕಾಲಿನ ಬೆರಳು ಆಡಿಸಿ ನೋಡುವ."

ಎರಡೂ ಕಾಲಿನ ಬೆರಳು ಆಡಿದವು.

"ನಾನು ಮುಟ್ಟುವುದು ಗೊತ್ತಾಗ್ತದಾ?"

"ಗೊತ್ತಾಗ್ತದೆ. ಸೊಂಟ ಮಾತ್ರ ನನ್ನದಲ್ಲದ ಹಾಗೆ ಉಂಟು ಸಿಸ್ಟರೇ."

ಸಿಸ್ಟರ್ ನಮ್ಮನ್ನು ಸ್ವಲ್ಪ ದೂರ ಕರೆದು ಮೆಲ್ಲನೆ ಹೇಳಿದರು. ಬೆನ್ನಿನ ಮೂಳೆ ಮುರಿದಿರಬಹುದು. ಒಳಗಿನ ನರಕ್ಕೆ ಇನ್ನೂ ಪೆಟ್ಟಾಗಿಲ್ಲ, ಅದಕ್ಕೇ ಬೆರಳು ಆಡುತ್ತದೆ. ಸಾಗಿಸುವಾಗ ಮೈ ತಿರುಚಿದರೆ, ಜೋರಾಗಿ ಕುಲುಕಿದರೆ, ಮುರಿದ ಚೂರು ನರಕ್ಕೆ ತಾಗಿ ಸೊಂಟದಿಂದ ಕೆಳಗೆ ಸ್ವಾಧೀನ ಹೋಗಿಯೇ ಹೋಗಬಹುದು. "ಆಸ್ಪತ್ರೆಗೆ ಮುಟ್ಟುವಾಗಲೂ ಆ ಬೆರಳು ಆಡ್ತಾ ಇರ್ಬೇಕು. ನಮ್ಮ ಕೈಯಲ್ಲಿ ಇರುವುದು ಅಷ್ಟೇ."

ಎಕ್ಸೆಲ್ ತಪ್ಪಾದರೆ ಪುನಃ ಬಿಚ್ಚಬಹುದು.

ಆಂಬುಲೆನ್ಸಿಗೆ ಫೋನ್ ಹೋಯಿತು. ಕಾಂಕ್ರೀಟು ಮುಗಿಯುವಲ್ಲಿ ಬಂದು ನಿಲ್ಲುತ್ತೇವೆ, ಅದರಿಂದ ಮೇಲೆ ಬರಲಿಕ್ಕಾಗುವುದಿಲ್ಲ ಎಂದರು. ಅವರ ಮಾತು ಸರಿಯೇ, ಓರೆಪಾದೆಯಲ್ಲಿ ಆ ಗಾಡಿ ನಿಲ್ಲುವುದಿಲ್ಲ. ಕಾಕನ ಜೀಪು ಎಕ್ಸೆಲ್ ಕಳಚಿಕೊಂಡು ಕೂತಿದೆ. ಉಳಿದದ್ದು ನನ್ನ ಪಿಕಪ್ಪು, ಇಲ್ಲವೇ ಹೆಗಲು.

ಮೊದಲು ಹೆಗಲಿನ ಯೋಚನೆಯೇ ಮಾಡಿದೆವು. ಕೊಟ್ಟಿಗೆಯ ಹಲಗೆ ಬಾಗಿಲನ್ನು ಕಳಚಿ ತಂದೆವು. ಸಿಸ್ಟರ್ ಹೇಳಿದ ಹಾಗೆ ಎಲ್ಲರೂ ಒಂದೇ ಸಲಕ್ಕೆ ಮೈಯನ್ನು ಮರದ ತುಂಡಿನ ಹಾಗೆ ತಿರುಗಿಸಿ, ಹಲಗೆ ಒಳಗೆ ಸೇರಿಸಿ, ಮಲಗಿಸಿದೆವು. ತಲೆಯ ಎರಡು ಬದಿಗೆ ಹೆಗಲ ಮೇಲಿನ ಬೈರಾಸು ಸುತ್ತಿ ಇಟ್ಟು, ಹಣೆ, ಎದೆ, ಸೊಂಟ, ಮೊಣಕಾಲಿಗೆ ಲುಂಗಿ ಹರಿದು ಕಟ್ಟಿದೆವು. ಆಗಲೂ ಅವರಿಗೆ ಮಾತು.

"ಅಣ್ಣಾ, ಹಂಚು ಸಾಗಿಸುವ ಹಾಗೆ ಸಾಗಿಸಿ. ಒಡೆದರೆ ನನ್ನಲ್ಲಿ ಬದಲಿ ಹಂಚಿಲ್ಲ."

ಮನೆಯವರೂ ಸೇರಿ ನಾಲ್ಕು ಜನ ಎತ್ತಿ ಅಂಗಳದ ಮೆಟ್ಟಿಲು ಇಳಿಯುವಾಗ ಹಿಂದಿನ ರಾತ್ರಿಯ ಮಳೆಗೆ ನೆನೆದ ಪಾಚಿಗಲ್ಲಿನಲ್ಲಿ ಕಾಕನ ಕಾಲು ಜಾರಿತು. ಹಲಗೆಯ ಒಂದು ಮೂಲೆ ಕೆಳಗೆ ಹೋಯಿತು. ಮಾತಾಡುತ್ತಿದ್ದ ಮನುಷ್ಯ ಕಿರುಚಿದರು. ಸಿಸ್ಟರ್ ಅಲ್ಲಿಯೇ ಇಳಿಸಲು ಹೇಳಿದರು. "ಹೊತ್ತುಕೊಂಡು ಹೋಗುವುದು ಬೇಡ. ಇಷ್ಟಕ್ಕೇ ಹೀಗಾದ್ರೆ ಮುಂದೆ ಎಂತ ಆಗ್ತದೆ? ಗಾಡಿಯಲ್ಲಿ ಕುಲುಕದ ಹಾಗೆ ಮಾಡ್ಲಿಕ್ಕೆ ಆಗ್ತದಾ ಹೇಳಿ."

ನಾನು ಬೆಳಿಗ್ಗೆ ಹತ್ತಿ ಬಂದ ದಾರಿಯನ್ನು ಮನಸ್ಸಿನಲ್ಲಿ ಒಂದು ಸಲ ಇಳಿದೆ. ಸಾಮಾನಿನ ಪೆಟ್ಟಿಗೆಯೇ ಆ ಕಡೆಯಿಂದ ಈ ಕಡೆಗೆ ಹಾರಿತ್ತು. ಆಗ ರಾಡಿನ ನೆನಪಾಯಿತು.

"ಭಾವ, ಮುಂದಿನ ಸ್ಟೆಬಿಲೈಸರ್ ಬಿಚ್ಚುವ" ಎಂದೆ.

ಭಾವ ನನ್ನ ಮುಖ ನೋಡಿದರು. "ಬಿಚ್ಚಿದ್ರೆ ಕುಲುಕುವುದು ಕಮ್ಮಿ ಆದೀತು. ಪಾದೆಯಲ್ಲಿ ವಾಲಿದ್ರೆ ಹಿಡೀಲಿಕ್ಕೆ ಎಂತ ಉಂಟು?"

"ತೂಗಲಿಕ್ಕೆ ಜನ ಉಂಟಲ್ಲ."

ಕಾಕ ಮೊಣಕಾಲಿನ ಕೆಸರು ಒರೆಸುತ್ತಾ ಕೇಳಿಸಿಕೊಂಡರು. "ಎಂತ ಮಾರಾಯ್ರೇ, ನಟ್ಟು ಬಿಚ್ಚಿದ್ರೆ ಗಾಡಿ ಗಟ್ಟಿ ಆಗ್ತದಾ? ನನ್ನ ಜೀಪಿನದ್ದು ತಾನಾಗಿ ಬಿಚ್ಚಿಕೊಂಡದ್ದಕ್ಕೆ ನಿಮ್ಮನ್ನು ಕರೆಸಿದ್ದು!" ಎಂದರು. ಯಾರೂ ನಗಲಿಲ್ಲ, ಅವರೂ ನಗಲಿಲ್ಲ.

ಅಂಗಳದ ಬದಿಯಲ್ಲಿ ಸಮ ಜಾಗ ನೋಡಿ ಗಾಡಿ ನಿಲ್ಲಿಸಿದೆ. ಸಮ ಜಾಗ ಮುಖ್ಯ. ಓರೆಯಲ್ಲಿ ನಿಲ್ಲಿಸಿದರೆ ರಾಡಿಗೆ ಬಿಗಿ ಇರುತ್ತದೆ, ಬೋಲ್ಟು ಹೊರಗೆ ಬರುವುದಿಲ್ಲ, ಬಂದರೂ ರಾಡ್ ಹಾರಿ ಕೈಗೆ ಬಡಿಯುತ್ತದೆ. ಚಕ್ರಗಳಿಗೆ ಕಲ್ಲು ಕೊಟ್ಟು ಅಡಿಗೆ ಹೋದೆ. ರಾಡಿನ ಎರಡು ತುದಿಗೆ ಅದನ್ನು ಚಕ್ರದ ಕಡೆಗೆ ಸೇರಿಸುವ ಎರಡು ಲಿಂಕು, ಒಂದೊಂದರ ಕೆಳಗೆ ಒಂದೊಂದು ನಟ್ಟು. ಎಡದ್ದು ಸ್ಪ್ಯಾನರಿಗೆ ಸಲೀಸಾಗಿ ಬಂತು. ಬಲದ್ದು ತುಕ್ಕು ಹಿಡಿದು ನಟ್ಟಿನ ಜೊತೆಗೆ ಬೋಲ್ಟೂ ತಿರುಗತೊಡಗಿತು. ಎಣ್ಣೆ ಬಿಟ್ಟೆ, ಬೋಲ್ಟಿನ ತಲೆಯನ್ನು ಲಾಕ್ ಪ್ಲಾಯರಿನಲ್ಲಿ ಕಚ್ಚಿಸಿ ಭಾವನ ಕೈಗೆ ಕೊಟ್ಟೆ. ಮೇಲೆ ಗುಡ್ಡದ ತಲೆಯಲ್ಲಿ ಮೋಡ ಕಪ್ಪಾಗುತ್ತಿತ್ತು. ಮಳೆ ಬಂದರೆ ಪಾದೆಯ ಮೇಲೆ ಟಯರು ನಿಲ್ಲುವುದಿಲ್ಲ. ಬೆವರು ಕಣ್ಣಿಗೆ ಇಳಿದು ನಟ್ಟು ಕಾಣುತ್ತಿರಲಿಲ್ಲ, ಕೈಯ ಅಂದಾಜಿನಲ್ಲಿ ತಿರುಗಿಸಿದೆ. ಕೊನೆಗೆ ಕಿರ್ರೆಂದು ಬಿಟ್ಟಿತು.

ಬಿಡಿಸಿದ ಲಿಂಕುಗಳನ್ನು ಹಾಗೆ ನೇತಾಡಲು ಬಿಡಬಾರದು, ಟಯರಿಗೋ ಬ್ರೇಕಿನ ಎಣ್ಣೆ ಹರಿಯುವ ಹೋಸಿಗೋ ತಾಗುತ್ತವೆ. ಹಳೆಯ ಟ್ಯೂಬಿನ ರಬ್ಬರು ಪಟ್ಟಿಯಿಂದ ಮೇಲಕ್ಕೆ ಎಳೆದು ಗಾಡಿಯ ಚಾಸಿಸಿಗೆ ಕಟ್ಟಿದೆ. ರಾಡ್ ಹಿಡಿಯದಿದ್ದರೆ ಚಕ್ರ ಮೊದಲಿಗಿಂತ ಕೆಳಗೆ ಇಳಿಯುತ್ತದೆ, ಬ್ರೇಕ್ ಹೋಸ್ ಅಷ್ಟು ಉದ್ದ ಉಂಟೇ? ಒಂದು ಕಡೆ ಜ್ಯಾಕು ಕೊಟ್ಟು, ಚಕ್ರ ಪೂರ್ತಿ ಜೋತುಬೀಳುವಷ್ಟು ಎತ್ತಿ ನೋಡಿದೆ. ಹೋಸ್ ಬಿಗಿಯಾಯಿತು, ಆದರೆ ಎಳೆಯಲಿಲ್ಲ. ಇನ್ನೊಂದು ಕಡೆಯೂ ನೋಡಿದೆ. ಟಯರುಗಳ ಗಾಳಿ ಅರ್ಧಕ್ಕೆ ಇಳಿಸಿದೆ. ಹಿಂದಿನ ಪ್ಲೇಟು ಸ್ಪ್ರಿಂಗು ಭಾರ ಇಲ್ಲದಿದ್ದರೆ ಕುಣಿಯುತ್ತದೆ, ಅದಕ್ಕೆ ಗೋಣಿಗಳಲ್ಲಿ ಮರಳು ತುಂಬಿ ಹಿಂದೆ ಚಪ್ಪಟೆಯಾಗಿ ಹಾಸಿದೆವು. ಅದರ ಮೇಲೆ ಒಂದು ಹಾಸಿಗೆ, ಹಾಸಿಗೆಯ ಮೇಲೆ ಹಲಗೆ. ಸಿಸ್ಟರ್ ಅವರ ತಲೆಯ ಬದಿಯಲ್ಲಿ ಕೂತರು. ಒಮ್ಮೆ ಬೆರಳು ನೋಡಿದರು. ಆಡಿದವು.

ಫೋರ್‌ವೀಲ್ ಹಾಕಿ, ಲೋ ಗೇರಿನಲ್ಲಿ, ಎಕ್ಸಿಲರೇಟರ್ ಮುಟ್ಟದೆ ಬಿಟ್ಟೆ. ಗಾಡಿ ತಾನೇ ನಡೆಯುವ ಹಾಗೆ ಇಳಿಯಿತು. ಭಾವ ಗಾಡಿಯ ಮುಂದೆ ಹಿಮ್ಮುಖವಾಗಿ ನಡೆಯುತ್ತಾ ಎರಡು ಕೈಯಿಂದ ದಾರಿ ತೋರಿಸಿದರು, ಕಾಕ ಹಿಂದಿನಿಂದ ನಡೆದರು. ಕಲ್ಲು ಬಂತು. ಎಡದ ಚಕ್ರ ಹತ್ತಿತು, ಇಳಿಯಿತು. ಬಲದ್ದಕ್ಕೆ ಅದರ ಸುದ್ದಿಯೇ ಇಲ್ಲ. ಕನ್ನಡಿಯಲ್ಲಿ ನೋಡಿದೆ. ಹಲಗೆ ನೀರಿನ ಮೇಲೆ ಇಟ್ಟ ಹಾಗೆ ನಿಧಾನವಾಗಿ ಓಲಾಡಿತು, ಬಡಿಯಲಿಲ್ಲ. ಸಿಸ್ಟರ್ ನನ್ನ ಕಡೆ ನೋಡಿ ತಲೆ ಆಡಿಸಿದರು. ಗಾಡಿಯ ಮೈಯ ಆ ಓಲಾಟ ಮಾತ್ರ ನನಗೆ ಹೊಸತು. ಗಾಡಿ ನನ್ನದೇ, ಆದರೆ ಸೊಂಟ ಸಡಿಲವಾದ ಬೇರೆ ಯಾವುದೋ ಪ್ರಾಣಿಯ ಮೇಲೆ ಕೂತ ಹಾಗೆ.

ಓರೆಪಾದೆಯ ಹತ್ತಿರ ಹಿರಿಯರು ಮೂವರನ್ನು ಕರೆದುಕೊಂಡು ಆಗಲೇ ನಿಂತಿದ್ದರು. ವಿಷಯ ಮುಟ್ಟಿತ್ತು. ಇಳಿಯುವಾಗ ಗುಡ್ಡ ಎಡಕ್ಕೆ, ತೋಡು ಬಲಕ್ಕೆ. ಎಂದರೆ ನನ್ನ ಬಾಗಿಲಿನ ಅಡಿಗೇ ತೋಡು.

"ರಾಡ್ ಬಿಚ್ಚಿದ್ದೇವೆ, ಹೆಚ್ಚು ವಾಲ್ತದೆ. ಗಟ್ಟಿ ತೂಗಿ" ಎಂದೆ.

"ಅದನ್ನು ನಮಗೆ ಹೇಳಿಕೊಡ್ಬೇಕಾ? ನೀವು ಸ್ಟೇರಿಂಗ್ ನೋಡಿಕೊಳ್ಳಿ, ಚಕ್ರ ನಾನು ನೋಡಿಕೊಳ್ತೇನೆ" ಎಂದರು ಹಿರಿಯರು.

ನಾಲ್ವರೂ ಎಡದ ಅಂಚು ಹಿಡಿದು ಹೊರಗೆ ತೂಗಿದರು. ಗಾಡಿ ಬಂಡೆಗೆ ಇಳಿಯಿತು. ಮೈ ಬಲಕ್ಕೆ ವಾಲಿತು, ಬೆಳಿಗ್ಗೆಗಿಂತ ಹೆಚ್ಚು. ನನ್ನ ಭುಜ ಬಾಗಿಲಿಗೆ ಒತ್ತಿತು. ಭಾವ ಮುಂದೆ ನಿಂತು ಕೈಯಲ್ಲಿ "ಬರಲಿ, ಬರಲಿ" ಎನ್ನುತ್ತಿದ್ದರು, ಅವರ ಕಣ್ಣು ಗುಳಿಯ ಮೇಲೆ.

ಎಡದ ಮುಂದಿನ ಚಕ್ರ ಗುಳಿಗೆ ಬಂತು. ಬೆಳಗ್ಗಿನ ಹಾಗೆ ಅಂತರದಲ್ಲಿ ನಿಲ್ಲಲಿಲ್ಲ. ರಾಡಿನ ಹಿಡಿತ ಇಲ್ಲದ ಚಕ್ರ ಮೆತ್ತಗೆ ಕಾಲು ಚಾಚಿ ಗುಳಿಯ ತಳಕ್ಕೆ ಹೋಗಿ ಕೂತಿತು.

"ಕೂತಿತು!"

ನನಗೆ ಬಾಯಿ ತೆರೆಯಲು ಸಹ ಸಮಯ ಸಿಗಲಿಲ್ಲ. ಅವರ ಲೆಕ್ಕದಲ್ಲಿ ಚಕ್ರ ಕೂತರೆ ಗುಳಿ ದಾಟಿತು ಎಂದು ಅರ್ಥ, ಎಷ್ಟೋ ವರ್ಷದಿಂದ ಹಾಗೆಯೇ. ಆದರೆ ಇದು ಗುಳಿಯ ಒಳಗೆ ಕೂತದ್ದು, ದಾಟುವುದು ಇನ್ನೂ ಬಾಕಿ. ನಾಲ್ವರೂ ಒಟ್ಟಿಗೆ ಹಾರಿದರು. ಅದೇ ಹೊತ್ತಿಗೆ ಚಕ್ರ ಗುಳಿಯ ಆಚೆಯ ದಂಡೆ ಹತ್ತಿತು. ತೂಗುತ್ತಿದ್ದ ಭಾರ ಹೋಯಿತು, ಅದುಮಿಕೊಂಡಿದ್ದ ಎಡದ ಸ್ಪ್ರಿಂಗು ಮೇಲಕ್ಕೆ ಎದ್ದಿತು, ಗಾಡಿಯ ಇಡೀ ಮೈ ಬಲಕ್ಕೆ ಬಿತ್ತು.

ನನ್ನ ಕಿಟಕಿಯಲ್ಲಿ ತೋಡಿನ ಆಚೆಯ ಗುಡ್ಡ ಇರಬೇಕಾದ ಕಡೆ ತೋಡಿನ ನೀರು ಕಂಡಿತು. ನೀರಿನಲ್ಲಿ ಒಂದು ತೆಂಗಿನ ಗರಿ ಸಿಕ್ಕಿಕೊಂಡಿತ್ತು, ಅದು ಈಗಲೂ ಕಣ್ಣಿಗೆ ಕಟ್ಟುತ್ತದೆ. ಹಿಂದೆ ಸಿಸ್ಟರ್ "ಅಮ್ಮಾ" ಎಂದರು. ಭಾವನ ಬಾಯಿ ತೆರೆದದ್ದು ಕಂಡಿತು, ಶಬ್ದ ಕೇಳಿಸಲಿಲ್ಲ.

ಕೈ ಎಡಕ್ಕೆ ತಿರುಗಿಸಲು ಹೊರಟಿತ್ತು. ತೋಡಿನಿಂದ ದೂರ ಹೋಗು ಎಂದು ಮೈ ಹೇಳುತ್ತದೆ. ಆದರೆ ಬಲಕ್ಕೆ ಬೀಳುವ ಗಾಡಿಯನ್ನು ಎಡಕ್ಕೆ ತಿರುಗಿಸಿದರೆ ಅದು ಇನ್ನೂ ಬೇಗ ಬೀಳುತ್ತದೆ. ಬ್ರೇಕ್ ಒತ್ತಿದರೂ ಹಾಗೆಯೇ. ಬೀಳುವ ಕಡೆಗೇ ತಿರುಗಿಸಬೇಕು, ಆಗ ಚಕ್ರಗಳು ಮೈಯ ಅಡಿಗೆ ಹೋಗಿ ಸೇರುತ್ತವೆ. ಇದನ್ನು ನಾನು ಎಷ್ಟೋ ಜನಕ್ಕೆ ಗ್ಯಾರೇಜಿನಲ್ಲಿ ನಿಂತು ಹೇಳಿದ್ದೇನೆ. ಹೇಳುವಾಗ ಎದುರು ತೋಡು ಇರುವುದಿಲ್ಲ.

ತೋಡಿಗೆ ತಿರುಗಿಸಿದೆ.

ಗಾಡಿ ಅಂಚಿನ ಕಡೆಗೆ ಮುಖ ಮಾಡಿ ಮುಂದೆ ಹೋಯಿತು. ಒಂದು ಮಾರಿನಷ್ಟು ಜಾಗ ಇತ್ತು. ಮೈ ಎದ್ದು, ನಾಲ್ಕು ಚಕ್ರದ ಮೇಲೆ ಕೂತು, ಮುಂದಿನ ಕಡೆಗೆ ತಗ್ಗಿತು. ಆಗ ಬ್ರೇಕ್ ಒತ್ತಿದೆ. ಮೆಲ್ಲನೆ, ಮೊಟ್ಟೆಯ ಮೇಲೆ ಕಾಲಿಟ್ಟ ಹಾಗೆ. ನಿಂತಿತು. ಬಾನೆಟ್ಟಿನ ಆಚೆಗೆ ನೆಲ ಕಾಣುತ್ತಿರಲಿಲ್ಲ.

ಕಾಕ ಹಿಂದಿನ ಚಕ್ರಕ್ಕೆ ಕಲ್ಲು ಇಡುವ ಸದ್ದು ಕೇಳಿತು. ಆಮೇಲೆ ಸಿಸ್ಟರ್ ಸ್ವರ ಕೇಳಿತು.

"ಬೆರಳು. ಬೆರಳು ಆಡಿಸಿ."

ನಾನು ಬ್ರೇಕಿನಿಂದ ಕಾಲು ತೆಗೆಯುವ ಹಾಗಿರಲಿಲ್ಲ, ಕನ್ನಡಿಯಲ್ಲಿ ಸಿಸ್ಟರ ಬೆನ್ನು ಮಾತ್ರ ಕಾಣುತ್ತಿತ್ತು.

"ಎಡದ್ದು ಆಡಿತು. ಬಲದ್ದು ಆಡಿಸಿ."

"ಆಡಿಸ್ತಾ ಇದ್ದೇನಲ್ಲ" ಎಂದರು ಹಂಚಿನವರು.

ಸಿಸ್ಟರ ಬೆನ್ನು ಇನ್ನಷ್ಟು ಬಗ್ಗಿತು. ಆಮೇಲೆ ಅವರೆಂದರು, "ಇನ್ನೊಮ್ಮೆ. ಹಾಂ, ಆಡಿತು, ಸ್ವಲ್ಪ. ಸಾಕು, ಈಗ ಆಡಿಸಬೇಡಿ."

ಸ್ವಲ್ಪ ಎಂದರೆ ಎಷ್ಟು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಹಿರಿಯರು ಬಂಡೆಯ ಮೇಲೆ ಕೂತುಬಿಟ್ಟಿದ್ದರು. "ಕೂತಿತಲ್ಲ, ನಾನು ನೋಡಿದೆ ಮಾರಾಯ್ರೇ. ಕೂತದ್ದು ಹೌದಲ್ವಾ?" ಎಂದು ಪಕ್ಕದವರನ್ನು ಕೇಳುತ್ತಿದ್ದರು. ಅವರ ಕಣ್ಣು ಸುಳ್ಳು ಹೇಳಿರಲಿಲ್ಲ. ಚಕ್ರ ಕೂತದ್ದು ಹೌದೇ ಹೌದು. ರಾಡ್ ಬಿಚ್ಚಿದರೆ ಅವರ ಕೂಗಿನ ಹೊತ್ತೇ ತಪ್ಪುತ್ತದೆ ಎಂದು ನನಗೂ ಹೊಳೆದಿರಲಿಲ್ಲ, ಭಾವನಿಗೂ ಹೊಳೆದಿರಲಿಲ್ಲ.

ಭಾವ ಕಿಟಕಿಯ ಹತ್ತಿರ ಬಂದರು. ಮುಖದಲ್ಲಿ ರಕ್ತ ಇರಲಿಲ್ಲ. "ಭಾವ, ರಾಡ್ ಪುನಃ ಹಾಕುವ. ಇದು ಆಗುವ ಕೆಲಸ ಅಲ್ಲ."

"ಈ ಓರೆಯಲ್ಲಿ ಲಿಂಕಿನ ತೂತು ಎದುರು ಬದುರು ಬರ್ಲಿಕ್ಕಿಲ್ಲ. ಅಡಿಗೆ ಹೋಗುವವರು ಯಾರು?"

"ಹಾಗಾದ್ರೆ ಅವರನ್ನು ಇಳಿಸಿ ಹೊತ್ತುಕೊಂಡು ಹೋಗುವ."

ಮೊದಲ ಹನಿ ಗಾಜಿನ ಮೇಲೆ ಬಿತ್ತು. ಈ ಬಂಡೆ ಒದ್ದೆಯಾದರೆ ಹೊರುವವರ ಕಾಲೂ ನಿಲ್ಲುವುದಿಲ್ಲ, ಟಯರೂ ನಿಲ್ಲುವುದಿಲ್ಲ. ಹಿಂದಿನಿಂದ ಹಂಚಿನವರ ಸ್ವರ ಬಂತು. "ಅಣ್ಣಾ, ನನ್ನನ್ನು ಇಳಿಸಬೇಡಿ. ಹೋಗುವ. ನೀವು ಹೆದರಿದ್ದೀರಿ ಅಂತ ಗೊತ್ತುಂಟು, ನಾನೂ ಹೆದರಿದ್ದೇನೆ. ಇಬ್ಬರೂ ಹೆದರಿಕೊಂಡೇ ಹೋಗುವ."

ನಾನು ಹೇಳಿದೆ, ರಾಡ್ ಹಾಕುವುದಿಲ್ಲ, ಹಾಗೆಯೇ ಇಳಿಸುತ್ತೇನೆ. ಆದರೆ ಈಗ ಕೂಗುವುದು ಯಾರೂ ಬೇಡ. ತೂಗುವವರು ಚಕ್ರ ನೋಡುವುದೂ ಬೇಡ. ಚಕ್ರ ಕೂತಿರಲಿ, ಎದ್ದಿರಲಿ, ಪಾದೆ ಪೂರ್ತಿ ಮುಗಿದು ಮಣ್ಣಿಗೆ ಬಂದು ನಾನು ಹಾರ್ನ್ ಹೊಡೆಯುವ ತನಕ ಒಬ್ಬರೂ ಇಳಿಯಬಾರದು.

ಹಿರಿಯರು ಎದ್ದು ನಿಂತರು. ಇನ್ನು ತೂಗುವುದಿಲ್ಲ ಎಂದು ಹೇಳುತ್ತಾರೋ ಏನೋ ಎಂದು ನಾನು ನೋಡುತ್ತಿದ್ದೆ. ಅವರು ಮುಂಡಾಸಿನ ಬೈರಾಸನ್ನು ತೆಗೆದು, ಅದರಿಂದ ತಮ್ಮ ಕೈಯನ್ನು ಗಾಡಿಯ ಅಂಚಿನ ಕೊಕ್ಕೆಗೆ ಸುತ್ತಿ, "ಕಟ್ಟು" ಎಂದು ಪಕ್ಕದವನಿಗೆ ಹೇಳಿದರು. "ನನ್ನ ಕಾಲಿಗೆ ಹಾರುವ ಅಭ್ಯಾಸ ಆಗಿ ಹೋಗಿದೆ. ಕಟ್ಟಿದ್ರೆ ಹಾರ್ಲಿಕ್ಕಾಗುದಿಲ್ಲ."

"ಗಾಡಿ ಮಗುಚಿದ್ರೆ ನೀವೂ ಒಟ್ಟಿಗೆ ಹೋಗ್ತೀರಿ" ಎಂದರು ಕಾಕ.

"ಹಾಗಾದ್ರೆ ನೀನೂ ಬಂದು ತೂಗು ಕಾಕ, ಭಾರ ಹೆಚ್ಚಾಗ್ಲಿ."

ಕಾಕ ಬಂದರು. ಅವರು ಭಾರದ ಮನುಷ್ಯ.

ರಿವರ್ಸ್ ಹಾಕಿ ಕ್ಲಚ್ಚನ್ನು ಕೂದಲೆಳೆಯಷ್ಟೇ ಬಿಟ್ಟೆ. ಭಾವ ಹಿಂದೆ ನಿಂತರು, ಅಂಗೈ ತೋರಿಸಿದಷ್ಟೇ ಹಿಂದೆ, ಮುಷ್ಟಿ ಹಿಡಿದರೆ ನಿಲ್ಲು. ಸ್ವಲ್ಪ ಹಿಂದೆ, ಸ್ವಲ್ಪ ಎಡಕ್ಕೆ, ಪುನಃ ಸ್ವಲ್ಪ ಹಿಂದೆ. ಮುಖ ನೇರವಾಯಿತು. ಮುಂದಿನ ಚಕ್ರ ಗುಳಿ ದಾಟಿಯಾಗಿತ್ತು, ಹಿಂದಿನದ್ದು ಬಾಕಿ. ಅದು ಗುಳಿಗೆ ಬಂತು. ಇಳಿಯಿತು. ಯಾರೂ ಹಾರಲಿಲ್ಲ. ಹತ್ತಿತು. ಮೈ ಬಲಕ್ಕೆ ಬಂದು, ಅಲ್ಲಿಯೇ ತಡೆದು, ಹಿಂದೆ ಹೋಯಿತು. ಅಡಿಯಲ್ಲಿ ಏನೋ ಟಣ್ ಟಣ್ ಎಂದಿತು. ರಬ್ಬರು ಪಟ್ಟಿ ತುಂಡಾಗಿ ಲಿಂಕು ಎಕ್ಸೆಲಿಗೆ ಬಡಿಯುತ್ತಿದೆ ಎಂದು ಗೊತ್ತಾಯಿತು, ಆದರೆ ಅಲ್ಲಿ ನಿಲ್ಲುವ ಹಾಗಿರಲಿಲ್ಲ. ಆ ಸದ್ದಿನ ಜೊತೆಗೇ ಬಂಡೆ ಮುಗಿಯಿತು. ಮಣ್ಣು ಬಂತು. ನಾನು ಹಾರ್ನ್ ಹೊಡೆದೆ. ಆಮೇಲೂ ಅವರು ಇಳಿಯಲಿಲ್ಲ. ಎರಡನೆಯ ಸಲ ಹೊಡೆದ ಮೇಲೆ ಇಳಿದರು.

ಲಿಂಕನ್ನು ಪುನಃ ಕಟ್ಟಿ ಹೊರಟೆವು. ಆಮೇಲಿನ ದಾರಿಯಲ್ಲಿ ಕಲ್ಲು ಇತ್ತು, ಮಳೆ ಇತ್ತು, ಓರೆ ಇರಲಿಲ್ಲ. ಸಿಸ್ಟರ್ ತಮ್ಮ ಕೊಡೆಯನ್ನು ಮಲಗಿದವರ ಮುಖಕ್ಕೆ ಹಿಡಿದು ತಾವು ನೆನೆಯುತ್ತಿದ್ದರು. ಹಂಚಿನವರು ಮಾತು ನಿಲ್ಲಿಸಿದ್ದರು. ಮಾತಾಡಲಿ ಎಂದು ನನಗೆ ಆಸೆಯಾಗುತ್ತಿತ್ತು.

ಕಾಂಕ್ರೀಟು ಸುರುವಾಗುವಲ್ಲಿ ಆಂಬುಲೆನ್ಸ್ ನಿಂತಿತ್ತು. ಗಾಡಿ ನಿಂತ ಕೂಡಲೇ ನಾನು ಇಳಿದು, ಸ್ಪ್ಯಾನರ್ ಹಿಡಿದುಕೊಂಡು, ನೆನೆದ ನೆಲದಲ್ಲಿ ಗಾಡಿಯ ಅಡಿಗೆ ಹೋಗಿಬಿಟ್ಟೆ. ಹಿಂದೆ ಹೋಗಿ ಹಲಗೆಗೆ ಕೈ ಕೊಡಬೇಕಿತ್ತು, ಗೊತ್ತುಂಟು. ಹಂಚಿನವರ ಆ ಕಾಲುಗಳನ್ನು ನೋಡಲಿಕ್ಕೆ ನನ್ನಿಂದ ಸಾಧ್ಯ ಇರಲಿಲ್ಲ. ಡಾಂಬರಿಗೆ ಹೋಗುವ ಮೊದಲು ರಾಡ್ ಹಾಕಲೇಬೇಕಲ್ಲ, ಅದೊಂದು ನೆಪ ಇತ್ತು. ಜಾಗ ಸಮ ಇತ್ತು, ಲಿಂಕಿನ ತೂತು ತಾನಾಗಿ ಎದುರು ಬದುರು ಬಂತು. ಎಡದ ಬೋಲ್ಟು ಹಾಕಿದೆ. ಬಲದ್ದು ಹಾಕಿದೆ. ಅಡಿಯಿಂದ ಕಾಣುತ್ತಿದ್ದದ್ದು ಪಾದಗಳು ಮಾತ್ರ. ಕಾಕನ ಕೆಸರಿನ ಚಪ್ಪಲಿ, ಭಾವನ ಬೂಟು, ಆಂಬುಲೆನ್ಸಿನವರ ಬಿಳಿ ಶೂ. ಅವೆಲ್ಲ ಒಟ್ಟಿಗೆ ಹೆಜ್ಜೆ ಹಾಕಿ ಆಚೆಗೆ ಹೋದವು. ಹಲಗೆ ಇಳಿಸಿದ ಸದ್ದಾಯಿತು.

"ನೋಡುವ ಒಮ್ಮೆ. ಎಡಗಾಲು. ಹಾಂ. ಈಗ ಬಲಗಾಲು" ಎಂದರು ಸಿಸ್ಟರ್.

ಮಳೆ ಬಾನೆಟ್ಟಿನ ಮೇಲೆ ಬೀಳುವುದು ಕೇಳುತ್ತಿತ್ತು. ಸ್ಪ್ಯಾನರನ್ನು ನಟ್ಟಿಗೆ ಕೊಟ್ಟು ಹಿಡಿದೇ ಇದ್ದೆ.

"ಆಡ್ತಾ ಉಂಟಾ ಸಿಸ್ಟರೇ? ನೀವೇ ನೋಡಿ ಹೇಳಿ. ನನಗೆ ಕಾಣುದಿಲ್ಲ."

"ಉಂಟು. ಚೆನ್ನಾಗಿ ಆಡ್ತಾ ಉಂಟು. ಪಾದವೇ ಎತ್ತಿದಿರಿ ನೀವು. ಸಾಕು, ಸಾಕು ಮಾರಾಯ್ರೇ, ಕುಣಿಯುವುದು ಬೇಡ!"

ಕಾಕ ಜೋರಾಗಿ ನಕ್ಕರು. ಬಾಗಿಲು ಮುಚ್ಚಿತು. ಆಂಬುಲೆನ್ಸಿನ ಚಕ್ರಗಳು ನೀರು ಚಿಮ್ಮಿಸಿ ಬೆಳ್ತಂಗಡಿಯ ಕಡೆಗೆ ಹೋದವು. ಸೈರನ್ನಿನ ಸದ್ದು ಮುಂಡಾಜೆಯ ತಿರುವಿನ ತನಕ ಕೇಳಿ ಆಮೇಲೆ ನಿಂತಿತು.

ಭಾವ ಕುಕ್ಕುರು ಕೂತು ಅಡಿಗೆ ಇಣುಕಿದರು. ಗಡ್ಡದಿಂದ ನೀರು ಇಳಿಯುತ್ತಿತ್ತು.

"ಬನ್ನಿ ಭಾವ, ಹೊರಗೆ. ನೆನೀತಾ ಇದ್ದೀರಿ."

"ನಟ್ಟು ಬಿಗಿ ಮಾಡ್ಲಿಕ್ಕುಂಟು. ಬಲದ್ದು ಬಾಕಿ" ಎಂದೆ.

ಅವರು ಕೈ ಚಾಚಿ ಬಲದ ನಟ್ಟನ್ನು ಮುಟ್ಟಿ ನೋಡಿದರು. ಆಮೇಲೆ ಎಡದ್ದನ್ನೂ ಮುಟ್ಟಿ ನೋಡಿದರು.

"ಎರಡೂ ಬಿಗಿ ಆಗಿದೆ ಭಾವ" ಎಂದರು. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸ್ಪ್ಯಾನರನ್ನು ತೆಗೆದುಕೊಂಡರು.